ಪೆಗಸಸ್ ಎಲ್ಲಿದ್ದಾನೆ ಅಂತ ನಮಗೆ ಮೊದಲೇ ಗೊತ್ತಲ್ಲ!

ಪ್ರಶ್ನೆ: ನಾನೂ ನನ್ನ ಹನ್ನೊಂದು ವರ್ಷದ ಮಗಳೂ ಬೇಸಿಗೆ ರಜೆಯಿಂದ 'ಸೇಲರ್ ಮೂನ್' ಅನ್ನುವ ಹಳೆಯ ಜಪಾನಿ ಕಾರ್ಟೂನ್ ಸರಣಿಯನ್ನು ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಂಡು ನೋಡುತ್ತಿದ್ದೇವೆ. ಮೊದಲ ಮೂರು ಸೀಸನ್ ಮುಗಿದದ್ದೇ ಗೊತ್ತಾಗಲಿಲ್ಲ. ನಾಲ್ಕನೆಯದು, 'ಸೂಪರ್ಸ್', ಶುರುಮಾಡಿ ಹದಿನೈದು ಎಪಿಸೋಡ್ ಆಯಿತು. ಇಬ್ಬರಿಗೂ ಬರೀ ಆಕಳಿಕೆ. ಮೂರನೆಯ ಸೀಸನ್ನಿನ ಹೋರಾಟಗಾರ್ತಿಯರಾದ ಹಾರುಕಾ, ಮಿಚಿರು ಪತ್ತೆಯೇ ಇಲ್ಲ. ಎಲ್ಲ ತಪ್ಪು ಚಿಬಿಯುಸಾಳದ್ದು ಅಂತ ಮಗಳ ತೀರ್ಪು. ನಿಜವಾ? ಅಷ್ಟು ಚೆನ್ನಾಗಿದ್ದ ಸರಣಿ ಹೀಗೇಕಾಯಿತು? ಇದನ್ನು ಬಿಟ್ಟು ಸೀದಾ ಕೊನೆಯ ಸೀಸನ್‌ಗೆ ಹೋದರೆ ಕಥೆ ಅರ್ಥವಾಗುತ್ತದಾ?
— ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಮಗಳಿಗೆ ಒಂದು ಮಾತು ಹೇಳಿಬಿಡಿ. ಆಕಳಿಕೆ ಬಂದದ್ದು ಅವಳ ತಪ್ಪಲ್ಲ. ಈ ಸೀಸನ್ ನೋಡಿದ ಬಹಳಷ್ಟು ಜನ ನೀವು ನಿಂತಿರುವ ಜಾಗದಲ್ಲೇ ಆಕಳಿಸಿದ್ದಾರೆ. ನಾನೂ ಅವರಲ್ಲೊಬ್ಬ. ಆದರೆ ತೀರ್ಪು ಮಾತ್ರ ಸ್ವಲ್ಪ ಅವಸರದ್ದು. ಚಿಬಿಯುಸಾ ಪಾಪದ ಹುಡುಗಿ. ಯಾರೋ ಮಾಡಿದ ಎಡವಟ್ಟಿಗೆ ಮೂವತ್ತು ವರ್ಷದಿಂದ ಬೈಸಿಕೊಳ್ಳುತ್ತಿದ್ದಾಳೆ.

ನಾನು ಮಕ್ಕಳ ಕಾರ್ಟೂನ್‌ಗಳಿಗೆ ಸ್ಟೋರಿಬೋರ್ಡ್ ಬರೆಯುವವನು. ಕಥೆಯನ್ನು ಶಾಟ್ ಶಾಟ್ ಆಗಿ ಹಾಳೆಯ ಮೇಲೆ ಬಿಡಿಸುವ ಕೆಲಸ. ಹಾಗಾಗಿ ಒಂದು ಸೀಸನ್ ಯಾಕೆ ಸೊರಗಿತು ಅಂತ ಯಾರಾದರೂ ಕೇಳಿದರೆ ನನ್ನ ಕಣ್ಣು ಪಾತ್ರಗಳ ಮೇಲೆ ಹೋಗುವುದಿಲ್ಲ, ಸೀಸನ್ನಿನ ಲೆಕ್ಕದ ಮೇಲೆ ಹೋಗುತ್ತದೆ. ಇಲ್ಲೂ ಲೆಕ್ಕದಿಂದಲೇ ಶುರು ಮಾಡುತ್ತೇನೆ.

'ಸೇಲರ್ ಮೂನ್' ಜಪಾನಿನ ಟಿವಿ ಅಸಾಹಿಯಲ್ಲಿ 1992ರ ಮಾರ್ಚ್ 7ರಂದು ಶುರುವಾಯಿತು, 1997ರ ಫೆಬ್ರವರಿ 8ರಂದು ಮುಗಿಯಿತು. ಐದು ಸೀಸನ್, 200 ಎಪಿಸೋಡ್. ಉಸಾಗಿ ಅನ್ನುವ ಶಾಲೆಯ ಹುಡುಗಿ ವೇಷ ಬದಲಿಸಿ ಸೇಲರ್ ಮೂನ್ ಆಗಿ, ಗೆಳತಿಯರ ಜೊತೆ ಪಿಶಾಚಿಗಳ ವಿರುದ್ಧ ಹೋರಾಡುವ ಕಥೆ. ಚಿಬಿಯುಸಾ ಭವಿಷ್ಯದಿಂದ ಬಂದ ಅವಳ ಮಗಳು. ತಯಾರಿಸಿದ್ದು ತೋಯೆಯ್ ಆನಿಮೇಷನ್. ಇದಕ್ಕೆ ಮೂಲ ನಾವೊಕೊ ತಾಕೆಉಚಿ ಬರೆದ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್. ಅದು ಹುಡುಗಿಯರ ಪತ್ರಿಕೆ 'ನಾಕಯೊಶಿ'ಯಲ್ಲಿ ಬರುತ್ತಿತ್ತು. ಇಲ್ಲಿರುವ ತೊಡಕು ಗಮನಿಸಿ. ಮಾಂಗಾ ಬರುವುದು ತಿಂಗಳಿಗೊಂದು ಕಂತು. ಟಿವಿ ಎಪಿಸೋಡ್ ಬರುವುದು ವಾರಕ್ಕೊಂದು. ಎರಡೂ ಜೊತೆಜೊತೆಗೇ ಓಡುತ್ತಿದ್ದವು. ತಾಕೆಉಚಿ ಒಂದು ಕಂತು ಬರೆದು ಮುಗಿಸುವಷ್ಟರಲ್ಲಿ ಟಿವಿಯವರಿಗೆ ನಾಲ್ಕು ಎಪಿಸೋಡ್ ಬೇಕು. ಒಬ್ಬರಿಗೆ ಮಾಡಿದ ಸಾರನ್ನು ನಾಲ್ಕು ಜನಕ್ಕೆ ಬಡಿಸಬೇಕು ಅಂದ ಹಾಗೆ. ನೀರು ಬೆರೆಸದೆ ಗತಿಯಿಲ್ಲ.

ಇದು ನಾಲ್ಕನೆಯ ಸೀಸನ್ನಿನಲ್ಲಿ ಹೊಸದಾಗಿ ಬಂದ ಕಷ್ಟವೇನೂ ಅಲ್ಲ. ಎರಡನೆಯ ಸೀಸನ್ನಿನ ಮೊದಲ 13 ಎಪಿಸೋಡ್ ನೆನಪಿದೆಯಾ? ಬೇರೆ ಗ್ರಹದಿಂದ ಬಂದ ಆ ಹಸಿರು ಮೈಯ ಜೋಡಿ, ಅವರ ದೊಡ್ಡ ಮರ. ಅದು ಮಾಂಗಾದಲ್ಲಿ ಇಲ್ಲವೇ ಇಲ್ಲ. ಟಿವಿಯವರು ಹೊತ್ತು ಕಳೆಯಲು ಹೊಸೆದದ್ದು. ಆದರೂ ನೀವು ಆಕಳಿಸದೆ ನೋಡಿದಿರಿ, ಅಲ್ವಾ? ಅಂದಮೇಲೆ ನೀರು ಬೆರೆಸಿದ್ದೇ ತಪ್ಪಲ್ಲ.

ಹಾಗಾದರೆ ತಪ್ಪು ಎಲ್ಲಿ? ಸೂಪರ್ಸ್‌ನ ಒಂದು ಎಪಿಸೋಡ್ ತೆಗೆದುಕೊಳ್ಳಿ. ಯಾವುದಾದರೂ ಆದೀತು. ಈ ಸೀಸನ್ನಿನ ಖಳರ ಕೂಟವಾದ ಡೆಡ್ ಮೂನ್ ಸರ್ಕಸ್‌ನ ಬಾರಿನಲ್ಲಿ ಟೈಗರ್ಸ್ ಐ, ಹಾಕ್ಸ್ ಐ, ಫಿಶ್ ಐ ಮೂವರು ಕೂತಿರುತ್ತಾರೆ. ಕೈಯಲ್ಲಿ ಒಂದಿಷ್ಟು ಫೋಟೊ. ಒಬ್ಬ ಒಂದನ್ನು ಎತ್ತಿಕೊಳ್ಳುತ್ತಾನೆ, ಆ ಫೋಟೊದವರ ಬೆನ್ನು ಬೀಳುತ್ತಾನೆ. ನಯವಾದ ಮಾತು ಮುಗಿದ ಮೇಲೆ "ವನ್! ಟೂ! ಥ್ರೀ!" ಬೆನ್ನ ಹಿಂದೆ ಹಲಗೆ ಏಳುತ್ತದೆ, ಕೈಕಾಲಿಗೆ ಕೋಳ ಬೀಳುತ್ತದೆ, ಎದೆಯಿಂದ ಕನಸಿನ ಕನ್ನಡಿ ಹೊರಬರುತ್ತದೆ. ಅವನು ಕನ್ನಡಿಯೊಳಗೆ ತಲೆ ತೂರಿಸಿ ಹುಡುಕುತ್ತಾನೆ. ಅವರಿಗೆ ಬೇಕಾದ ರೆಕ್ಕೆಯ ಕುದುರೆ ಪೆಗಸಸ್ ಅಲ್ಲಿಲ್ಲ. ನೆರಳಿನಿಂದ ಲೆಮ್ಯೂರ್ ಅನ್ನುವ ಪಿಶಾಚಿ ಎದ್ದು ಬರುತ್ತದೆ. ಸೇಲರ್ ಮೂನ್ ಬರುತ್ತಾಳೆ, ಭಾಷಣ ಮಾಡುತ್ತಾಳೆ. ಚಿಬಿಯುಸಾ ಗಂಟೆ ಹಿಡಿದು ಪೆಗಸಸ್‌ನನ್ನು ಕರೆಯುತ್ತಾಳೆ. ಸೇಲರ್ ಮೂನ್ ಕೋಲು ಬೀಸುತ್ತಾಳೆ. ಪಿಶಾಚಿ ಮಾಯ. ಮುಂದಿನ ವಾರ ಮತ್ತೆ ಬಾರು, ಮತ್ತೆ ಫೋಟೊ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ.

ಮೊದಲ ಮೂರು ಸೀಸನ್ನಿನಲ್ಲೂ ವಾರಕ್ಕೊಂದು ಪಿಶಾಚಿ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಈ ಜಾತಿಯ ಕಥೆಗಳ ಕಟ್ಟೇ ಅಂಥದ್ದು. ಬೇರೆ ಏನು ಇತ್ತು ಅಂತ ನೋಡಲು ಮೂರನೆಯ ಸೀಸನ್ 'ಎಸ್' ಅನ್ನು ಇದರ ಪಕ್ಕಕ್ಕಿಡೋಣ. ಅಲ್ಲೂ ಹುಡುಕಾಟವೇ. ಶುದ್ಧ ಹೃದಯ ಇರುವವರನ್ನು ಹಿಡಿದು, ಅವರ ಎದೆಯಿಂದ ಸ್ಫಟಿಕ ತೆಗೆದು, ತಾಲಿಸ್ಮನ್ ಅನ್ನುವ ಮಾಂತ್ರಿಕ ವಸ್ತು ಇದೇನಾ ಅಂತ ನೋಡುತ್ತಿದ್ದರು. ಸರ್ಕಸ್ ಮೂವರ ಕೆಲಸಕ್ಕೂ ಅದಕ್ಕೂ ಮೇಲುನೋಟಕ್ಕೆ ವ್ಯತ್ಯಾಸವೇ ಇಲ್ಲ. ಆದರೆ ಆ ಮೂರು ತಾಲಿಸ್ಮನ್ ಯಾರ ಎದೆಯಲ್ಲಿವೆ ಅಂತ ನಮಗೆ ಗೊತ್ತಿರಲಿಲ್ಲ. ಪ್ರತಿ ವಾರ ಸಿಕ್ಕಿಬಿದ್ದವರನ್ನು ನೋಡಿದಾಗ 'ಇವಳಾ?' ಅಂತ ಒಂದು ಕ್ಷಣ ಉಸಿರು ನಿಲ್ಲುತ್ತಿತ್ತು. ಸಿಕ್ಕರೆ ಸಿಕ್ಕವರು ಸಾಯುತ್ತಾರೆ. ಅದಕ್ಕೂ ಸಿದ್ಧ ಅಂತ ಹಾರುಕಾ, ಮಿಚಿರು ಒಂದು ಕಡೆ. ಯಾರೂ ಸಾಯಕೂಡದು ಅಂತ ಉಸಾಗಿ ಇನ್ನೊಂದು ಕಡೆ. ಪಿಶಾಚಿ ಸತ್ತ ಮೇಲೂ ಜಗಳ ಉಳಿಯುತ್ತಿತ್ತು. ವಾರದಿಂದ ವಾರಕ್ಕೆ ನಮ್ಮನ್ನು ಎಳೆದದ್ದು ಆ ಜಗಳ.

ಕೊನೆಗೆ 110ನೆಯ ಎಪಿಸೋಡ್ ಬಂತು. ಊರೆಲ್ಲ ಹುಡುಕಿದ ವಸ್ತು ಹುಡುಕುವವರ ಎದೆಯಲ್ಲೇ ಇತ್ತು. ಮಿಚಿರುವಿನಿಂದ ಕನ್ನಡಿ, ಹಾರುಕಾಳಿಂದ ಖಡ್ಗ. ಪರರ ಪ್ರಾಣ ಹೋದರೂ ಸರಿ ಅಂದವರು ತಮ್ಮ ಪ್ರಾಣವನ್ನೇ ಕೊಡಬೇಕಾಯಿತು. ಇಪ್ಪತ್ತು ವಾರ ಎಳೆದದ್ದಕ್ಕೆ ಅಲ್ಲಿ ಬಡ್ಡಿ ಸಮೇತ ಸಿಕ್ಕಿತು.

ಈಗ ಸೂಪರ್ಸ್‌ಗೆ ಬನ್ನಿ. ಪೆಗಸಸ್ ಯಾರದೋ ಕನಸಿನಲ್ಲಿ ಅಡಗಿದ್ದಾನೆ, ಯಾರ ಕನಸು ಅನ್ನುವುದೇ ಸರ್ಕಸ್‌ನವರ ಹುಡುಕಾಟ. ಆದರೆ ಮೊದಲ ಎಪಿಸೋಡ್‌ನಲ್ಲೇ ಪೆಗಸಸ್ ಚಿಬಿಯುಸಾಳ ಕನಸಿಗೆ ಬಂದುಬಿಡುತ್ತಾನೆ! ನೋಡುವವರಿಗೆ ಅನುಮಾನವೇ ಉಳಿಯುವುದಿಲ್ಲ. ಟೈಗರ್ಸ್ ಐ ಇನ್ನೊಬ್ಬರ ಕನ್ನಡಿಯೊಳಗೆ ತಲೆ ತೂರಿಸಿದಾಗ ಅಲ್ಲಿ ಏನೂ ಇಲ್ಲ ಅಂತ ನಮಗೆ ಅವನಿಗಿಂತ ಮೊದಲೇ ಗೊತ್ತು. ಹೀಗೆ 22 ವಾರ. ಕಣ್ಣಾಮುಚ್ಚಾಲೆ ಆಡುವಾಗ ಬಾಗಿಲ ಹಿಂದೆ ಅವಿತವಳ ಲಂಗ ಕಾಣುತ್ತಿದ್ದರೂ ಹುಡುಕುವವನು ಹಿತ್ತಲಲ್ಲಿ ಸುತ್ತುತ್ತಿದ್ದರೆ ಎಷ್ಟು ಹೊತ್ತು ನಗಬಹುದು? ಎರಡು ನಿಮಿಷ. ಆಮೇಲೆ ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತೇವೆ.

ನಿಮ್ಮಿಬ್ಬರ ಆಕಳಿಕೆ ಹುಟ್ಟಿದ್ದು ಇಲ್ಲಿ. ಪಿಂಕ್ ಕೂದಲಿನ ಹುಡುಗಿ ಜಾಸ್ತಿ ಹೊತ್ತು ತೆರೆಯ ಮೇಲಿದ್ದಾಳೆ ಅಂತಲ್ಲ. ಕೇಳಬೇಕಾದ ಪ್ರಶ್ನೆಗೆ ಕಥೆಯೇ ಮೊದಲು ಉತ್ತರ ಹೇಳಿ, ಆಮೇಲೆ ಪ್ರಶ್ನೆ ಕೇಳುತ್ತಾ ಕೂತಿತು.

ಎರಡು ಸೀಸನ್ನುಗಳ ಅಳತೆ ನೋಡಿದರೆ ಇದು ಇನ್ನೂ ಎದ್ದು ಕಾಣುತ್ತದೆ. 'ಎಸ್'ನಲ್ಲಿ ತಾಲಿಸ್ಮನ್ ಹೊರಬರುವುದು ಸೀಸನ್ ಶುರುವಾದ 21ನೆಯ ಎಪಿಸೋಡ್‌ನಲ್ಲಿ. ಸೂಪರ್ಸ್‌ನಲ್ಲಿ ಸರ್ಕಸ್ ಮೂವರ ಕಥೆ ಮುಗಿಯುವುದು 22ನೆಯದರಲ್ಲಿ. ಅದೇ ಅಚ್ಚು, ಅದೇ ಜಾಗದಲ್ಲಿ ತಿರುವು. ಅಚ್ಚು ಉಳಿಸಿಕೊಂಡರು, ಒಳಗಿನ ಹೂರಣ ಮರೆತರು.

ಇಲ್ಲಿ ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ಹಿಂದೆ ನಾನು ಕೆಲಸ ಮಾಡಿದ ಒಂದು ಮಕ್ಕಳ ಸರಣಿಯಲ್ಲಿ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಎರಡನೆಯ ನಿಮಿಷಕ್ಕೆ ತೊಂದರೆ, ಐದನೆಯದಕ್ಕೆ ವೇಷ ಬದಲು, ಎಂಟನೆಯದಕ್ಕೆ ಹೊಡೆದಾಟ. ಮೊದಲ ಕೆಲವು ಎಪಿಸೋಡ್ ಬರೆಯುವಾಗ ಆ ಹಾಳೆ ದೇವರು. ಇಪ್ಪತ್ತನೆಯದಕ್ಕೆ ಬರುವ ಹೊತ್ತಿಗೆ ನಾವು ಹಾಳೆಯ ಖಾಲಿ ಜಾಗ ತುಂಬುವ ಗುಮಾಸ್ತರಾಗಿದ್ದೆವು. ಒಂದು ದಿನ ಒಬ್ಬ ಗೆಳೆಯ ಹಳೆಯ ಎಪಿಸೋಡ್‌ನ ಬೋರ್ಡನ್ನೇ ಊರಿನ ಹೆಸರು ಬದಲಿಸಿ ಕೊಟ್ಟ. ಯಾರಿಗೂ ಗೊತ್ತಾಗಲಿಲ್ಲ. ಅದನ್ನು ನೆನೆದರೆ ಈಗಲೂ ನಗು ಬರುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ. ಹಾಗಾಗಿ ಸೂಪರ್ಸ್ ಬರೆದವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಈಗ ಉಸಾಗಿಯ ಜೊತೆ ಹೋರಾಡುವ ನಾಲ್ವರು ಗೆಳತಿಯರ ವಿಷಯ. ನನ್ನ ಪ್ರಕಾರ ದೊಡ್ಡ ನಷ್ಟ ಆದದ್ದು ಅವರಿಗೆ. ಮಾಂಗಾದಲ್ಲಿ ಇದೇ ಭಾಗ ಓದಿದರೆ ಗೊತ್ತಾಗುತ್ತದೆ. ಅಲ್ಲಿ ಆಮಿ, ರೇ, ಮಕೊತೊ, ಮಿನಾಕೊ ನಾಲ್ವರಿಗೂ ಒಂದೊಂದು ಅಧ್ಯಾಯ ಇದೆ. ಒಬ್ಬೊಬ್ಬಳೂ ತನ್ನ ಕನಸನ್ನು, ತನ್ನ ಅಳುಕನ್ನು ಎದುರಿಸಿ ಹೊಸ ಶಕ್ತಿ ಪಡೆಯುತ್ತಾಳೆ. ಆಮಿಯ ಕೈಯಲ್ಲಿ ಫಿಶ್ ಐ ಸಾಯುತ್ತಾನೆ, ರೇ ಕೈಯಲ್ಲಿ ಟೈಗರ್ಸ್ ಐ, ಮಕೊತೊ ಕೈಯಲ್ಲಿ ಹಾಕ್ಸ್ ಐ. ಒಂದೊಂದು ಅಧ್ಯಾಯಕ್ಕೆ ಒಬ್ಬೊಬ್ಬ, ಮುಗಿಯಿತು. ಟಿವಿಯವರು ಎಳೆದದ್ದು ಈ ಮೂರು ಅಧ್ಯಾಯದಷ್ಟು ಆಯಸ್ಸಿನ ಮೂವರನ್ನು, 22 ಎಪಿಸೋಡ್!

ಮಿನಾಕೊಳನ್ನೇ ನೋಡಿ. ಮಾಂಗಾದಲ್ಲಿ ಗೆಳತಿಯರೆಲ್ಲ ಒಬ್ಬೊಬ್ಬರಾಗಿ ಹೊಸ ರೂಪ ಪಡೆಯುತ್ತಾರೆ, ಇವಳಿಗೆ ಮಾತ್ರ ವೇಷ ಬದಲಿಸಲೂ ಆಗುವುದಿಲ್ಲ. ಗುಂಪಿನ ನಾಯಕಿ ಅನ್ನಿಸಿಕೊಂಡವಳು ಎಲ್ಲರಿಗಿಂತ ಹಿಂದೆ. ಹೊರಗೆ ನಗುತ್ತಾ ಒಳಗೆ ಕುದಿಯುತ್ತಾಳೆ. ಪರೀಕ್ಷೆಯಲ್ಲಿ ಗೆಳತಿಯರೆಲ್ಲ ಪಾಸಾಗಿ ತಾನೊಬ್ಬಳೇ ಉಳಿದ ಹುಡುಗಿಯ ಮುಖ ಹೇಗಿರುತ್ತದೆ ಅಂತ ನಿಮ್ಮ ಮಗಳಿಗೆ ಹೇಳಿಕೊಡಬೇಕಾಗಿಲ್ಲ. ಟಿವಿಯಲ್ಲಿ ಅದೇ ಮಿನಾಕೊಗೆ ಸಿಕ್ಕಿದ್ದೇನು? ಟೈಗರ್ಸ್ ಐ, ಹಾಕ್ಸ್ ಐ ಇಬ್ಬರ ಜೊತೆಗೂ ಒಂದೇ ದಿನ ಡೇಟಿಂಗ್ ಹೋಗಿ ಅತ್ತಿಂದಿತ್ತ ಓಡುವ ಒಂದು ತಮಾಷೆ ಎಪಿಸೋಡ್. ನಗು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ನಗುವಿಗೆ ಕೊಟ್ಟ ಬೆಲೆ ಜಾಸ್ತಿಯಾಯಿತು. ಟಿವಿಯಲ್ಲಿ ನಾಲ್ವರಿಗೂ ಹೊಸ ಶಕ್ತಿ ಪೆಗಸಸ್ ಕೃಪೆಯಿಂದ ಬರುತ್ತದೆ. ಯಾರೂ ಅದಕ್ಕಾಗಿ ಅಳಲಿಲ್ಲ, ಒದ್ದಾಡಲಿಲ್ಲ. ರೇಷನ್ ಅಂಗಡಿಯಲ್ಲಿ ಸಕ್ಕರೆ ಹಂಚಿದ ಹಾಗೆ ಹಂಚಿಬಿಟ್ಟರು.

ಹಾರುಕಾ, ಮಿಚಿರು ಪತ್ತೆಯಿಲ್ಲ ಅಂದಿರಿ. ಅವರ ಜೊತೆಗಾರ್ತಿಯರಾದ ಸೆತ್ಸುನಾ, ಹೊತಾರು ಕೂಡ ಇಲ್ಲ. 'ಎಸ್' ಮುಗಿಯುವಾಗ ಹೊತಾರು ಮತ್ತೆ ಹಸುಗೂಸಾಗಿ ತಂದೆಯ ಕೈ ಸೇರಿದಳು, ಹಾರುಕಾ ಮಿಚಿರು ಊರು ಬಿಟ್ಟರು. ಸೂಪರ್ಸ್‌ನ 39 ಎಪಿಸೋಡ್‌ನಲ್ಲಿ ಅವರನ್ನು ವಾಪಸ್ ಕರೆಯಲೇ ಇಲ್ಲ. 1995ರ ಏಪ್ರಿಲ್‌ನಲ್ಲಿ ಬಂದ ಒಂದು ಸ್ಪೆಷಲ್‌ನಲ್ಲಿ ಹಾರುಕಾ ಮಿಚಿರುವಿನ ಒಂದು ಚಿಕ್ಕ ಕಥೆ ಇದೆ. ಆಸೆಗೆ ಅಷ್ಟೇ. ಮಾಂಗಾದಲ್ಲಿ ಹಾಗಲ್ಲ. ಅಲ್ಲಿ ಮೂವರು ಹೆಂಗಸರು ಒಂದೇ ಮನೆಯಲ್ಲಿದ್ದು ಮಗು ಹೊತಾರುವನ್ನು ಸಾಕುತ್ತಾರೆ. ಮಗು ದಿನಕ್ಕೊಂದು ಎತ್ತರ ಬೆಳೆಯುತ್ತದೆ, ಬಾಯಲ್ಲಿ ದೊಡ್ಡವರ ಮಾತು. ಕೊನೆಗೆ ಅವಳೇ ಇವರನ್ನು ಎಬ್ಬಿಸಿ ಯುದ್ಧಕ್ಕೆ ಹೊರಡಿಸುತ್ತಾಳೆ. ಅಷ್ಟು ಚೆಂದದ ಸಂಸಾರವನ್ನು ಟಿವಿಯವರು ಯಾಕೆ ಬಿಟ್ಟರು? ಕಥೆಯನ್ನು ಚಿಕ್ಕ ಮಕ್ಕಳ ಕಡೆಗೆ, ಹಗುರವಾದ ನಗುವಿನ ಕಡೆಗೆ ತಿರುಗಿಸಿದ್ದು ಕಣ್ಣಿಗೇ ಕಾಣುತ್ತದೆ. ಆ ನಾಲ್ವರು ಬಂದರೆ ಅಂಥ ಕಥೆ ಹಗುರವಾಗಿ ಉಳಿಯುವುದಿಲ್ಲ. ಇದು ನನ್ನ ಊಹೆ, ಆದರೆ ಬಲವಾದ ಊಹೆ.

ಆಟಿಕೆಗಳ ಮಾತೂ ಬರಲೇಬೇಕು. ಈ ಸರಣಿಯ ಬೆನ್ನಿಗೆ ಬಾಂಡಾಯ್ ಅನ್ನುವ ಆಟಿಕೆ ಕಂಪನಿ ಇತ್ತು. ಸೀಸನ್‌ಗೊಂದು ಹೊಸ ಕೋಲು, ಹೊಸ ಪದಕ ಬರುತ್ತಿದ್ದದ್ದು ಕಥೆಗಾಗಿ ಅಷ್ಟೇ ಅಲ್ಲ, ಅಂಗಡಿಗಾಗಿಯೂ ಹೌದು. ಸೂಪರ್ಸ್‌ನಲ್ಲಿ ಉಸಾಗಿಗೆ ಒಂದು ಕೋಲು, ಚಿಬಿಯುಸಾಗೆ ಒಂದು ಗಂಟೆ. ಎರಡೂ ಪ್ರತಿ ವಾರ ತೆರೆಯ ಮೇಲೆ ಮಿನುಗಲೇಬೇಕು. ಅದಕ್ಕೆ ಒಮ್ಮೆ ಬಿಡಿಸಿದ ದೃಶ್ಯವನ್ನೇ ಮತ್ತೆ ಮತ್ತೆ ಹಾಕುತ್ತಾರೆ. ಜಪಾನಿನ ಸ್ಟುಡಿಯೊಗಳಲ್ಲಿ ಇದಕ್ಕೆ 'ಬ್ಯಾಂಕ್' ಅಂತಲೇ ಹೆಸರು. ದುಡ್ಡು ಇಟ್ಟ ಹಾಗೆ ದೃಶ್ಯ ಇಟ್ಟುಕೊಂಡು, ಬೇಕಾದಾಗ ತೆಗೆಯುವುದು. ವೇಷ ಬದಲಾಗುವ ದೃಶ್ಯ, ಪೆಗಸಸ್ ಬರುವ ದೃಶ್ಯ, ಕೋಲು ತಿರುಗಿಸುವ ದೃಶ್ಯ, ಎಲ್ಲ ಬ್ಯಾಂಕಿನದು.

ಆದರೆ ಬ್ಯಾಂಕನ್ನು ಬೈಯುವ ಮುನ್ನ ಒಂದು ಸ್ವಾರಸ್ಯ ಕೇಳಿ. ಸೂಪರ್ಸ್ ನಿರ್ದೇಶಿಸಿದ್ದು ಕುನಿಹಿಕೊ ಇಕುಹಾರಾ. ಬರವಣಿಗೆಯ ಹೊಣೆ ಯೋಜಿ ಎನೊಕಿದೊ ಅವರದ್ದು. ಈ ಸೀಸನ್ ಮುಗಿದ ಮೇಲೆ ಇಕುಹಾರಾ ತೋಯೆಯ್ ಬಿಟ್ಟರು. 1997ರಲ್ಲಿ ಇದೇ ಇಬ್ಬರು ಸೇರಿ ಮಾಡಿದ್ದು 'ರೆವಲ್ಯೂಷನರಿ ಗರ್ಲ್ ಉಟೆನಾ'. ಅದೂ 39 ಎಪಿಸೋಡ್. ಅಲ್ಲೂ ಬ್ಯಾಂಕ್ ದೃಶ್ಯಗಳೇ ರಾಶಿ. ಪ್ರತಿ ದ್ವಂದ್ವಕ್ಕೆ ಮೊದಲು ನಾಯಕಿ ಅದೇ ಮೆಟ್ಟಿಲು ಹತ್ತುತ್ತಾಳೆ, ಅದೇ ಹಾಡು. ಆದರೂ ಯಾರೂ ಆಕಳಿಸುವುದಿಲ್ಲ. ಯಾಕೆಂದರೆ ಈ ಹುಡುಗಿ ಯಾಕೆ ಸುಮ್ನೆ ಮತ್ತೆ ಮತ್ತೆ ಇದೇ ಮೆಟ್ಟಿಲು ಹತ್ತುತ್ತಿದ್ದಾಳೆ, ಯಾರು ಹತ್ತಿಸುತ್ತಿದ್ದಾರೆ ಅನ್ನುವುದೇ ಅಲ್ಲಿ ಕಥೆ. ಅದೇ ಕೈಗಳು, ಅದೇ ಎಣಿಕೆ, ಅದೇ ಉಪಾಯ. ಸೂಪರ್ಸ್ ಮಾಡಿದವರಿಗೆ ಕೆಲಸ ಬರುತ್ತಿರಲಿಲ್ಲ ಅನ್ನುವ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ. ಹಾಂ, ಇದನ್ನು ಓದಿ ಮಗಳಿಗೆ 'ಉಟೆನಾ' ಹಾಕಿಬಿಡಬೇಡಿ. ಅದು ದೊಡ್ಡವರದು. ಇನ್ನೂ ಐದಾರು ವರ್ಷ ಹೋಗಲಿ.

ಮಕ್ಕಳ ಜೊತೆ ಕೂತು ನೋಡುವವರಿಗೆ ಇನ್ನೊಂದು ಮಾತು. ಸರ್ಕಸ್‌ನ ಗಂಡಸರು ಹುಡುಗಿಯರ ಬೆನ್ನು ಬೀಳುವ ದೃಶ್ಯಗಳು, ಕನ್ನಡಿಗೆ ತಲೆ ತೂರಿಸುವಾಗ ಅವರು ಕಿರುಚುವುದು, ಇವು ಇವತ್ತಿನ ಕಣ್ಣಿಗೆ ಹಿಡಿಸುವುದಿಲ್ಲ. ಆಗಲೂ ಎಲ್ಲರಿಗೂ ಹಿಡಿಸಿರಲಿಕ್ಕಿಲ್ಲ. ಮಗಳು ಮುಖ ಸಿಂಡರಿಸಿದರೆ ಅವಳು ಸರಿ.

ಇಷ್ಟೆಲ್ಲ ಹೇಳಿದ ಮೇಲೆ ಚಿಬಿಯುಸಾ ಪರವಾಗಿ ವಾದ ಮಾಡದಿದ್ದರೆ ಹೇಗೆ? ಎರಡನೆಯ ಸೀಸನ್ನಿನಲ್ಲಿ ಅವಳು ಆಕಾಶದಿಂದ ಬಿದ್ದು ಬಂದಾಗ ತಾಯಿಯನ್ನು ಕಳೆದುಕೊಳ್ಳುವ ಭಯ ಹೊತ್ತ ಮಗು. ಆ ಭಯವೇ ಬೆಳೆದು ಅವಳನ್ನು ಬ್ಲ್ಯಾಕ್ ಲೇಡಿ ಅನ್ನುವ ಖಳನಾಯಕಿಯಾಗಿ ಮಾಡಿತು. ಮೂರನೆಯದರಲ್ಲಿ ಹೊತಾರುವಿನ ಗೆಳೆತನ. ಎರಡು ಕಡೆಯೂ ಅವಳಿಗೆ ಕಳೆದುಕೊಳ್ಳಲು ಏನೋ ಇತ್ತು. ಸೂಪರ್ಸ್‌ನಲ್ಲಿ ಅವಳಿಗೆ ಕೊಟ್ಟದ್ದು ಒಂದು ಗುಟ್ಟು. ರಾತ್ರಿ ಎಲ್ಲರೂ ಮಲಗಿದ ಮೇಲೆ ಪೆಗಸಸ್ ಬರುತ್ತಾನೆ, ಮಾತಾಡುತ್ತಾನೆ. ಯಾರಿಗೂ ಹೇಳಬೇಡ ಅನ್ನುತ್ತಾನೆ. ಅವಳು ಹೇಳುವುದಿಲ್ಲ. ಹಗಲೆಲ್ಲ ಉಸಾಗಿ ಜೊತೆ ತಿಂಡಿಗಾಗಿ ಕಿತ್ತಾಡುವ ಹುಡುಗಿ ರಾತ್ರಿ ತನ್ನದೇ ಒಂದು ಲೋಕ ಇಟ್ಟುಕೊಂಡಿದ್ದಾಳೆ. ಹನ್ನೊಂದನೆಯ ವಯಸ್ಸಿನ ಹತ್ತಿರ ಮಕ್ಕಳು ಕೋಣೆಯ ಬಾಗಿಲು ಹಾಕಿಕೊಳ್ಳಲು ಶುರುಮಾಡುತ್ತಾರಲ್ಲ, ಆ ಬಾಗಿಲಿನ ಕಥೆ ಇದು. ಬಹಳ ಒಳ್ಳೆಯ ಎಳೆ. ಹತ್ತು ಹನ್ನೆರಡು ಎಪಿಸೋಡ್‌ಗೆ ಸಾಕಾಗುವ ಎಳೆಯನ್ನು 39ಕ್ಕೆ ಜಗ್ಗಿದರು. ಜಗ್ಗಿದವರನ್ನು ಬಿಟ್ಟು ಎಳೆಯನ್ನು ಬೈಯುವುದು ನ್ಯಾಯವಲ್ಲ.

ಇನ್ನು ಆ 22 ಎಪಿಸೋಡ್ ಪೂರ್ತಿ ದಂಡವಾ ಅಂದರೆ, ಇಲ್ಲ. ಇದೇ ಈ ಸೀಸನ್ನಿನ ವಿಚಿತ್ರ. ಮಾಂಗಾದಲ್ಲಿ ಒಂದೊಂದು ಅಧ್ಯಾಯದಲ್ಲಿ ಸತ್ತುಹೋಗುವ ಮೂವರು ಟಿವಿಯಲ್ಲಿ ಅಷ್ಟು ವಾರ ನಮ್ಮ ಮನೆಗೆ ಬಂದು ಹೋದದ್ದರಿಂದ, ಅವರ ಕೊನೆ ಬಂದಾಗ ಗಂಟಲು ಕಟ್ಟುತ್ತದೆ. ಅವರು ಮನುಷ್ಯರಲ್ಲ. ಒಂದು ಹುಲಿ, ಒಂದು ಗಿಡುಗ, ಒಂದು ಮೀನು. ಸರ್ಕಸ್ ನಡೆಸುವ ಮುದುಕಿ ಝಿರ್ಕೋನಿಯಾ ತನ್ನ ಕೆಲಸಕ್ಕಾಗಿ ಸ್ವಲ್ಪ ದಿನದ ಮಟ್ಟಿಗೆ ಕೊಟ್ಟ ಮನುಷ್ಯ ರೂಪ. ಕೆಲಸ ಮುಗಿದರೆ ಮತ್ತೆ ಪ್ರಾಣಿ. ಇದು ಮೊದಲು ಫಿಶ್ ಐಗೆ ಅರಿವಾಗುತ್ತದೆ. ಇಷ್ಟು ದಿನ ಕಂಡಕಂಡವರ ಎದೆಯಿಂದ ಕನಸಿನ ಕನ್ನಡಿ ಕಿತ್ತು ನೋಡಿದ ತಮಗೇ ಕನ್ನಡಿ ಇಲ್ಲ. ಕನಸು ಕಾಣುವ ಯೋಗ್ಯತೆಯೇ ಇಲ್ಲ. ಫೋಟೊ ಆರಿಸುತ್ತಾ ನಗುತ್ತಿದ್ದ ಅದೇ ಬಾರಿನಲ್ಲಿ ಈಗ ಮೂವರೂ ಸಪ್ಪಗೆ ಕೂತಿದ್ದಾರೆ. ಅದೇ ಜಾಗ, ಅದೇ ದೀಪ. ಇಪ್ಪತ್ತು ಸಲ ನೋಡಿ ಬೇಜಾರಾಗಿದ್ದ ಜಾಗವೇ ಈಗ ಎದೆಗೆ ನಾಟುತ್ತದೆ. ಕೊನೆಗೆ ಉಸಾಗಿಯ ಕನ್ನಡಿ ಒಡೆದಾಗ ಅದನ್ನು ಕೂಡಿಸಲು ಮೂವರೂ ತಮ್ಮನ್ನೇ ಕೊಟ್ಟುಕೊಳ್ಳುತ್ತಾರೆ. 148 ಮತ್ತು 149, ಈ ಎರಡನ್ನು ಯಾವ ಕಾರಣಕ್ಕೂ ಬಿಡಬೇಡಿ. ಬ್ಯಾಂಕ್ ದೃಶ್ಯದಿಂದಲೂ ಏನು ಮಾಡಬಹುದು ಅಂತ ಇಕುಹಾರಾ ಆಗಲೇ ಕೈ ಪಳಗಿಸುತ್ತಿದ್ದರು ಅಂತ ನನಗೆ ಅನ್ನಿಸುವುದು ಇಲ್ಲಿ.

ಮೂವರು ಹೋದ ಮೇಲೆ ನಾಲ್ವರು ಹುಡುಗಿಯರು ಬರುತ್ತಾರೆ, ಅಮೆಜೋನೆಸ್ ಕ್ವಾರ್ಟೆಟ್. ಬಿಲಿಯರ್ಡ್ಸ್ ಚೆಂಡು ಹೊಡೆದು ಕನ್ನಡಿ ತೆಗೆಯುತ್ತಾರೆ, ಅಷ್ಟೇ ಹೊಸತು. ಮಧ್ಯದಲ್ಲಿ ಉಸಾಗಿ ಪುಟ್ಟ ಹುಡುಗಿಯಾಗಿ, ಚಿಬಿಯುಸಾ ದೊಡ್ಡವಳಾಗುವ ಒಂದು ಮಜವಾದ ಎಪಿಸೋಡ್ ಇದೆ. ಮಗಳಿಗೆ ಇಷ್ಟವಾಗುತ್ತದೆ. ಉಳಿದದ್ದನ್ನು ಪಾತ್ರೆ ತೊಳೆಯುತ್ತಾ ನೋಡಿದರೂ ನಡೆಯುತ್ತದೆ.

ಕೊನೆಯ ಮೂರು ಮಾತ್ರ ಕೂತು ನೋಡಿ. ತನ್ನ ಚೆಲುವು ಮಾಸುತ್ತದೆ ಅನ್ನುವ ಭಯದಲ್ಲೇ ಕನ್ನಡಿಯೊಳಗೆ ಬಂದಿಯಾದ ರಾಣಿ ನೆಹೆಲೇನಿಯಾ, ಸರ್ಕಸ್‌ನ ಹಿಂದಿರುವವಳು ಅವಳೇ. ಪೆಗಸಸ್ ಬಳಿಯಿದ್ದ ಗೋಲ್ಡನ್ ಕ್ರಿಸ್ಟಲ್ ಕೈಗೆ ಸಿಕ್ಕಿತು ಅಂತ ಬೀಗುತ್ತಾಳೆ, ನೋಡಿದರೆ ಕೈಯಲ್ಲಿರುವುದು ಅನಾನಸ್! ಆ ನಾಲ್ವರು ಹುಡುಗಿಯರ ಕಿತಾಪತಿ. ಲೋಕ ಮುಳುಗುವ ಹೊತ್ತಿನಲ್ಲಿ ಅನಾನಸ್ ಹಣ್ಣು ತರಲು ಎದೆಗಾರಿಕೆ ಬೇಕು. ಆಮೇಲೆ ಚಿಬಿಯುಸಾ ಮುಗಿಲಿನಿಂದ ಕೆಳಗೆ ಬೀಳುತ್ತಾಳೆ. ಉಸಾಗಿ ಹಿಂದೆಮುಂದೆ ನೋಡದೆ ಅವಳ ಹಿಂದೆಯೇ ಹಾರುತ್ತಾಳೆ. ಕೈಯಲ್ಲಿ ಕೋಲಿಲ್ಲ, ಭಾಷಣವಿಲ್ಲ. ಬೀಳುತ್ತಿರುವ ಮಗುವನ್ನು ಅಪ್ಪಿಕೊಳ್ಳುವುದಷ್ಟೇ. ಇಡೀ ಸೀಸನ್ ತಿಂಡಿಗಾಗಿ ಜಗಳವಾಡಿದ ಇಬ್ಬರು ಇವರೇ ಅಂತ ನೆನಪಾಗುವುದು ಆಗ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಬಿಟ್ಟು ಹೋದರೆ ಅರ್ಥವಾಗುತ್ತದಾ? ಪೂರ್ತಿ ಬಿಟ್ಟರೆ ಕಷ್ಟ. ಕೊನೆಯ ಸೀಸನ್ 'ಸ್ಟಾರ್ಸ್' ಶುರುವಾಗುವುದೇ ನೆಹೆಲೇನಿಯಾಳಿಂದ. 167ರಿಂದ 172ರವರೆಗೆ ಆರು ಎಪಿಸೋಡ್ ಅವಳದೇ ಕಥೆ, ಆಮೇಲೆ ಹೊಸ ಕಥೆ. ನಿರ್ದೇಶಕರೂ ಬದಲು, ತಾಕುಯಾ ಇಗಾರಾಶಿ. ಹಾಗಾಗಿ ನನ್ನ ಸಲಹೆ ಇಷ್ಟು. ನೀವು ಈಗ ನಿಂತಲ್ಲಿಂದ ಸೀದಾ 148ಕ್ಕೆ ಹಾರಿ. 149 ಆದ ಮೇಲೆ 150 ನೋಡಿ, ಕ್ವಾರ್ಟೆಟ್ ಯಾರು ಅಂತ ತಿಳಿಯುತ್ತದೆ. ಮಗಳು ಕೇಳಿದರೆ ಆ ದೊಡ್ಡವಳಾಗುವ ಎಪಿಸೋಡ್. ಆಮೇಲೆ 164, 165, 166. ನಡುವಿನದರಲ್ಲಿ ಕಥೆ ತಪ್ಪಿಹೋಗುವಂಥದ್ದು ಹೆಚ್ಚೇನೂ ಇಲ್ಲ.

ಹಾರುಕಾ, ಮಿಚಿರುವಿಗಾಗಿ ಕಾಯುತ್ತಿರುವವರಿಗೆ ಆ ಆರು ಎಪಿಸೋಡ್ ಹಬ್ಬ. ನಾಲ್ವರೂ ವಾಪಸ್ ಬರುತ್ತಾರೆ, ಹೊತಾರು ನೋಡನೋಡುತ್ತಾ ಬೆಳೆಯುತ್ತಾಳೆ. ಸೂಪರ್ಸ್ ಹೇಳದೆ ಬಿಟ್ಟ ಎಷ್ಟೋ ಸಂಗತಿ ಇಲ್ಲಿ ಅವಸರವಸರವಾಗಿ ಬಂದು ಹೋಗುತ್ತದೆ. ಬಾಕಿ ತೀರಿಸಿದ ಹಾಗೆ. ನೆಹೆಲೇನಿಯಾಳ ಒಂಟಿ ಬಾಲ್ಯವೂ ಇಲ್ಲೇ ತಿಳಿಯುವುದು. ಒಂದು ಸೀಸನ್ ಪೂರ್ತಿ ಬರೀ ಕೆಟ್ಟವಳಾಗಿದ್ದ ರಾಣಿ ಆರು ಎಪಿಸೋಡ್‌ನಲ್ಲಿ ಮನುಷ್ಯಳಾಗುತ್ತಾಳೆ.

ಮಾಂಗಾದ ಕಥೆ ಹೇಗಿತ್ತು ಅಂತ ಕುತೂಹಲವಿದ್ದರೆ 2021ರಲ್ಲಿ ಬಂದ 'ಸೇಲರ್ ಮೂನ್ ಎಟರ್ನಲ್' ಇದೆ. ಎರಡು ಸಿನಿಮಾ, ಚಿಯಾಕಿ ಕೋನ್ ನಿರ್ದೇಶನ. ನೆಟ್‌ಫ್ಲಿಕ್ಸ್‌ನಲ್ಲಿ ಆ ವರ್ಷದ ಜೂನ್‌ನಲ್ಲಿ ಬಿಟ್ಟರು. 39 ಎಪಿಸೋಡ್‌ನ ಕಥೆಯನ್ನು ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತಿನಲ್ಲಿ ಮುಗಿಸುತ್ತಾರೆ. ಮಿನಾಕೊಳ ಕುದಿತ ಇದೆ, ಮಗು ಹೊತಾರುವಿನ ಮನೆ ಇದೆ, ಎಲ್ಲ ಇದೆ. ಆದರೆ ಫಿಶ್ ಐ ಬಂದ, ಹೋದ. ಅವನಿಗಾಗಿ ಅಳಲು ಪುರುಸೊತ್ತೇ ಸಿಗುವುದಿಲ್ಲ. ನಾನು ಅದನ್ನು ನೋಡಿ ಮುಗಿಸಿದ ರಾತ್ರಿ, ಅಷ್ಟು ಬೈದಿದ್ದ ಹಳೆಯ ಸೀಸನ್ನಿನ 149ನೆಯ ಎಪಿಸೋಡನ್ನು ಮತ್ತೆ ಹಾಕಿಕೊಂಡು ಕೂತೆ.

172 ಮುಗಿದ ಮೇಲೆ ಚಿಬಿಯುಸಾ ಬಗ್ಗೆ ಮಗಳ ತೀರ್ಪು ಬದಲಾಯಿತಾ ಅಂತ ಬರೆಯಿರಿ. ಬದಲಾಗದಿದ್ದರೆ ಅವಳೇ ಬರೆಯಲಿ, ನಾನು ವಾದಕ್ಕೆ ಸಿದ್ಧ.